ಕಚೇರಿ ಬಂತು, ಕೆಲಸ ಬಂತೇ?

ಅಕ್ಕ-ತಂಗಿಯರೇ, ನಮ್ಮ ಜಕ್ಕಲಿ ಸುತ್ತ ಎರೆ ಹೊಲ. ಮಳೆಯಾದರೆ ಕೈತುಂಬ ಕೆಲಸ. ಮಳೆ ಹೋದರೆ ಗಂಡಸರು ಗಂಟು ಕಟ್ಟುತ್ತಾರೆ. ಮಂಗಳೂರು, ಗೋವಾ, ಬೆಂಗಳೂರು ಅಂತ ದುಡಿಯಾಕ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ನಾವು, ಮಕ್ಕಳು, ಮುದುಕರು.

ಕೆಲಸ ಅಲ್ಲೇ ಯಾಕೆ? ಕಾರಣ ಹಲವು. ಒಂದು ಕಾರಣ ಸರಕಾರಿ ಕಚೇರಿ. ದೊಡ್ಡ ಕಚೇರಿಗಳೆಲ್ಲ ಬೆಂಗಳೂರಿನಲ್ಲಿವೆ. ಕಚೇರಿ ಇದ್ದಲ್ಲಿ ನೌಕರರು ಇರುತ್ತಾರೆ. ಅವರಿಗೆ ಬಾಡಿಗೆ ಮನೆ ಬೇಕು, ಖಾನಾವಳಿ ಬೇಕು, ಕಿರಾಣಿ ಅಂಗಡಿ ಬೇಕು. ಒಬ್ಬರ ಪಗಾರದಿಂದ ನಾಕು ಮನಿ ಒಲಿ ಹತ್ತತಾವ.

2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಒಂದು ವರದಿ ಕೊಟ್ಟಿತು. ಆಗ ರಾಜ್ಯದಲ್ಲಿ 175 ತಾಲ್ಲೂಕು ಇದ್ದವು. ಅದರಲ್ಲಿ 114 ಹಿಂದುಳಿದಿವೆ ಎಂದು ಅದು ಹೇಳಿತು. ಅತ್ಯಂತ ಹಿಂದುಳಿದವು 39. ಆ 39ರಲ್ಲಿ 26 ನಮ್ಮ ಉತ್ತರ ಕರ್ನಾಟಕದವು.

ಕಚೇರಿಗಳು ಈ ಕಡೆಗೂ ಬಂದವು. 1997ರಲ್ಲಿ ಗದಗ ಜಿಲ್ಲೆಯಾಯಿತು. ಅಲ್ಲಿಯವರೆಗೆ ಜಿಲ್ಲಾ ಕೆಲಸಕ್ಕೆ ಧಾರವಾಡಕ್ಕೆ ಹೋಗಬೇಕಿತ್ತು. 2003ರಲ್ಲಿ ಹುಬ್ಬಳ್ಳಿಗೆ ರೈಲ್ವೆ ವಲಯದ ಮುಖ್ಯ ಕಚೇರಿ ಬಂತು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಪೀಠ ಬಂತು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದಿತು. ಅಲ್ಲಿ ವರ್ಷಕ್ಕೊಮ್ಮೆ ಕೆಲವು ದಿನ ಅಧಿವೇಶನ ನಡೆಯುತ್ತದೆ. ಆಮೇಲೆ ಮಂತ್ರಿಗಳೂ ಕಡತಗಳೂ ಬೆಂಗಳೂರಿಗೆ ವಾಪಸ್. ಅಷ್ಟು ದೊಡ್ಡ ಕಟ್ಟಡ, ನೋಡ್ರಿ!

ಕಚೇರಿ ಬಂದರೆ ನಮ್ಮ ಓಡಾಟ, ಬಸ್ಸಿನ ಖರ್ಚು ಕಡಿಮೆ. ಇದು ಖರೆ. ಆದರೆ ಕಚೇರಿ ಜೊತೆಗೆ ಹಳೆಯ ನೌಕರರೂ ವರ್ಗವಾಗಿ ಬರುತ್ತಾರೆ. ಅವರ ಕುರ್ಚಿ ನಮ್ಮ ಮಕ್ಕಳಿಗೆ ಸಿಗುವುದಿಲ್ಲ. ಕಸ ಗುಡಿಸುವ, ಕಾವಲು ಕಾಯುವ ಕೆಲಸ ಈಗ ಬಹಳ ಕಡೆ ಗುತ್ತಿಗೆದಾರರ ಕೈಯಲ್ಲಿದೆ. ಹೊಸ ನೇಮಕಾತಿ ಆಗಬೇಕು. ಅದರಲ್ಲಿ ಸ್ಥಳೀಯರಿಗೆ ಪಾಲು ಇರಬೇಕು. ಆಗ ಮಾತ್ರ ನೌಕರಿ ಊರಿಗೆ ಬಂದೀತು.

ಅಂಥ ಪಾಲು ನಮ್ಮ ಮಗ್ಗುಲಲ್ಲೇ ಇದೆ. ನರೇಗಲ್ ದಾಟಿ ಮೂಡಲಕ್ಕೆ ಹೋದರೆ ಕುಕನೂರು. ಅದು ಕೊಪ್ಪಳ ಜಿಲ್ಲೆ. ಹಿಂದೆ ಆ ಕಡೆ ನಿಜಾಮರ ಆಳ್ವಿಕೆ, ನಮ್ಮದು ಮುಂಬಯಿ ಪ್ರಾಂತ. ನಿಜಾಮರ ಸೀಮೆ ಬಹಳ ಹಿಂದೆ ಉಳಿದಿತ್ತು. ಅದಕ್ಕೇ ಸಂವಿಧಾನಕ್ಕೆ 371(ಜೆ) ವಿಧಿ ಸೇರಿಸಿದರು. 2013ರಿಂದ ಅಲ್ಲಿಯ ಸರಕಾರಿ ನೌಕರಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ಇದೆ. ಡಿ ದರ್ಜೆಯಲ್ಲಿ ನೂರಕ್ಕೆ 85, ಸಿ ದರ್ಜೆಯಲ್ಲಿ 80. ಗದಗ ಜಿಲ್ಲೆಗೆ ಇದು ಇಲ್ಲ. ಮಳೆ ಎರಡೂ ಕಡೆ ಒಂದೇ, ಕಾಯ್ದೆ ಬೇರೆ.

ನಮ್ಮಲ್ಲಿ ಕೊಪ್ಪಳದ ಕಡೆಯಿಂದ ಬಂದ ಸೊಸೆಯಂದಿರು ಇದ್ದಾರಲ್ಲ? ಅಲ್ಲಿ ಹುಟ್ಟಿದವರು ಈ ಮೀಸಲಾತಿ ಕೇಳಬಹುದು. ಅದಕ್ಕೊಂದು ಪ್ರಮಾಣಪತ್ರ ಬೇಕು. ಅದನ್ನು ತವರು ಜಿಲ್ಲೆಯ ಸಹಾಯಕ ಆಯುಕ್ತರ ಕಚೇರಿಯಲ್ಲಿ ವಿಚಾರಿಸಬೇಕು. ಹೋಗುವಾಗ ಜನನ ದಾಖಲೆ, ಶಾಲೆಯ ದಾಖಲೆ ಒಯ್ಯಿರಿ.