ಎಲ್ಲರೂ ಹುಲಿಯಾದರೆ ಹುಲ್ಲೆ ಆಗೋರ್ಯಾರು?

ಉಮ್ಮತ್ತೂರು: "ಪ್ರಾಣಿಯಾಗೋ ವರ ಸಿಕ್ಕಿದ್ರೆ ಏನಾಗ್ತೀಯಪ್ಪಾ?" ಎಂದು ಈ ಸೀಮೆಯ ಯಾವ ಹುಡುಗನನ್ನಾದರೂ ಕೇಳಿ ನೋಡಿ. "ಹುಲಿ ಕಣಣ್ಣ!" ಅನ್ನೋ ಉತ್ತರ ತಡವಿಲ್ಲದೆ ಬೀಳುತ್ತದೆ. ತಪ್ಪೇನಿಲ್ಲ ಬಿಡಿ. ಮಾದಪ್ಪ ಏರಿದ್ದೇ ಹುಲಿಯನ್ನು. ಜಿಲ್ಲೆಯ ಒಂದು ಮಗ್ಗುಲಿಗೆ ಬಂಡೀಪುರ, ಇನ್ನೊಂದು ಮಗ್ಗುಲಿಗೆ ಬಿಳಿಗಿರಿರಂಗನ ಬೆಟ್ಟ. ಎರಡೂ ಹುಲಿ ಕಾಡೇ.

ಆದರೆ ರೂಪ ಬದಲಿಸುವವನಿಗೆ ಎಲ್ಲ ಹೊತ್ತಿನಲ್ಲೂ ಹುಲಿಯೇ ಒಪ್ಪುತ್ತದೆಯೇ? ಈ ಪ್ರಶ್ನೆ ಪುರಾಣದಷ್ಟು ಹಳೆಯದು. ಈಗ ಮೇಜಿನ ಮೇಲಿನ ಆಟಕ್ಕೂ ಬಂದು ಕೂತಿದೆ.

ದಾಳ ಉರುಳಿಸಿ ವೇಷ ಕಟ್ಟು

1974ರಲ್ಲಿ ಅಮೆರಿಕದಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ ಹೊರಬಿತ್ತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಮಿಕ್ಕವರು ಒಂದೊಂದು ಪಾತ್ರ. ಬಣ್ಣವಿಲ್ಲ, ಕಿರೀಟವಿಲ್ಲ, ಕಾಗದ, ಪೆನ್ಸಿಲ್, ದಾಳ, ಬಾಯಿಮಾತು ಅಷ್ಟೆ. ನಮ್ಮ ಬಯಲಾಟವನ್ನು ಕೂತಲ್ಲೇ ಆಡಿದಂತೆ!

ಅದರಲ್ಲಿ 'ಡ್ರೂಯಿಡ್' ಎಂಬ ಕಾಡಿನ ಮಾಂತ್ರಿಕನಿದ್ದಾನೆ. ಆತ ಪ್ರಾಣಿಯಾಗಬಲ್ಲ. 2014ರ ನಿಯಮ ಪುಸ್ತಕ ಇದಕ್ಕೂ ಕಟ್ಟುಪಾಡು ಹಾಕಿದೆ. ಆ ಪಾತ್ರ ಮುಂಚೆ ಕಂಡ ಪ್ರಾಣಿಯೇ ಆಗಬೇಕು. ಪ್ರಾಣಿಯಾದ ಮೇಲೆ ಬುದ್ಧಿ ತನ್ನದೇ ಇರುತ್ತದೆ, ಆದರೆ ಮಂತ್ರ ಹಾಕಲಾಗದು. 2ನೇ ಹಂತದಲ್ಲಿ ಈ ವಿದ್ಯೆ ಬರುತ್ತದೆ. ಹಾರುವ ಪ್ರಾಣಿಗೆ 8ನೇ ಹಂತದ ತನಕ ಕಾಯಬೇಕು. ಸಾಮಾನ್ಯ ಡ್ರೂಯಿಡ್‌ಗೆ ಹುಲಿಯೂ ಅಷ್ಟೇ, 8ನೇ ಹಂತದವರೆಗೆ ಕೈಗೆಟುಕದು. ಜಿಂಕೆ ಮಾತ್ರ ಮೊದಲ ದಿನವೇ ಸಿಗುತ್ತದೆ. ಇನ್ನೊಂದು ಮಜಾ ನೋಡಿ: ಅದೇ ನಿಯಮಗಳಲ್ಲಿ ಹುಲಿಯ ಓಟ ಸರದಿಗೆ 40 ಅಡಿ, ಜಿಂಕೆಯದು 50 ಅಡಿ!

ಕೆಲಸ ನೋಡಿ ರೂಪ

ಪುರಾಣದ ಪಾತ್ರಗಳು ಈ ಲೆಕ್ಕವನ್ನು ಎಂದೋ ಹಾಕಿ ಮುಗಿಸಿವೆ. ಸೀತೆಯನ್ನು ಮರುಳು ಮಾಡಬೇಕಿತ್ತು, ಮಾರೀಚ ಹೊನ್ನಿನ ಜಿಂಕೆಯಾದ. ಹುಲಿಯಾಗಿದ್ದರೆ "ಹಿಡಿದು ತನ್ನಿ" ಎಂದು ಸೀತೆ ಕೇಳುತ್ತಿದ್ದಳೇ? ಲಂಕೆಯೊಳಗೆ ಕಳ್ಳಹೆಜ್ಜೆಯಲ್ಲಿ ಹೋಗಬೇಕಿತ್ತು, ಬೆಟ್ಟದಂತೆ ಬೆಳೆಯಬಲ್ಲ ಹನುಮಂತ ಬೆಕ್ಕಿನಷ್ಟಾದ. ವಾತಾಪಿ ಟಗರಾದ, ಏಕೆಂದರೆ ಅತಿಥಿಯ ಎಲೆಗೆ ಬೀಳುವುದು ಟಗರು. ಅಗಸ್ತ್ಯರು ಅರಗಿಸಿಕೊಂಡುಬಿಟ್ಟರು, ಅದು ಬೇರೆ ಮಾತು.

ಲೆಕ್ಕ ತಪ್ಪಿದವನೂ ಇದ್ದಾನೆ. ಚಾಮುಂಡಿ ಎದುರು ಮಹಿಷಾಸುರ ಕೋಣ, ಸಿಂಹ, ಮನುಷ್ಯ, ಆನೆ ಎಂದು ಒಂದಾದ ಮೇಲೊಂದು ರೂಪ ತಾಳಿ ಮತ್ತೆ ಕೋಣನೇ ಆದ. ಪ್ರತಿ ಸಲವೂ ಪೆಟ್ಟು ಬಿದ್ದ ಮೇಲೆ ಬದಲಾದ. ಮುಂದೇನು ಮಾಡಬೇಕೆಂದು ಎಣಿಸಿ ಬದಲಾಗಲಿಲ್ಲ. ಬಲ ಇದ್ದರೂ ಉಳಿಯಲಿಲ್ಲ.

ಅಂದರೆ ಏನಾಯಿತು? 'ಯಾವುದು ದೊಡ್ಡದು' ಅನ್ನೋದಲ್ಲ, 'ಈಗ ಆಗಬೇಕಾದ ಕೆಲಸ ಏನು' ಅನ್ನೋದು ಮೊದಲ ಪ್ರಶ್ನೆ. ನುಸುಳಲು ಬೆಕ್ಕು, ವಾಸನೆ ಹಿಡಿಯಲು ನಾಯಿ, ಓಡಲು ಹುಲ್ಲೆ. ಅಂಗಡಿಯವರಿಗೆ ಇದು ಹೊಸದೇನಲ್ಲ. ಸಾಸಿವೆ ತೂಗಲು ಯಾರೂ ಮಣದ ಕಲ್ಲು ಇಡುವುದಿಲ್ಲ.

ಮನೆ ಬಾಗಿಲ ಮಾಯಾಮೃಗ

ಇಷ್ಟಾದ ಮೇಲೆ ಉಮ್ಮತ್ತೂರಿನ ಹುಡುಗ ಹುಲಿಯನ್ನೇ ಹಿಡಿದು ಕೂರುವುದು ಅಚ್ಚರಿ. ಇವನ ಊರಿನ ಕುರುಚಲು ಬಯಲೇ ಕೃಷ್ಣಮೃಗಗಳ ತಾಣ, ಸರ್ಕಾರದ ಸಂರಕ್ಷಣಾ ಮೀಸಲು ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿ ಹುಲಿಯ ಜೊತೆಯಲ್ಲೇ ಕೂತಿರುವ ಪ್ರಾಣಿ ಇದು. ರೂಪ ಬದಲಿಸುವುದರಲ್ಲಿ ಇದೂ ಕಡಿಮೆಯಿಲ್ಲ! ಗಂಡು ಹುಟ್ಟುವಾಗ ತಾಯಿಯಂತೆ ಕಂದು. ಬೆಳೆದಂತೆ ಮೈ ಕಪ್ಪೇರುತ್ತದೆ, ಕೊಂಬು ಸುರುಳಿ ಸುತ್ತುತ್ತದೆ. ಓಟಕ್ಕೆ ನಿಂತರೆ ಗಂಟೆಗೆ 80 ಕಿಲೋಮೀಟರ್. ನಮ್ಮ ಬಸ್ಸು ಹಿಂದೆ ಬಿದ್ದೀತು.

ಆದರೆ ಇದಕ್ಕೆ ದಟ್ಟ ಕಾಡು ಆಗದು, ಬಯಲೇ ಬೇಕು. ಬಯಲು ಎಂದರೆ ಜನಕ್ಕೆ ಬರೀ 'ಖಾಲಿ ಜಾಗ'. ಅಲ್ಲಿ ಉಳುಮೆಯಾಗುತ್ತದೆ, ರಸ್ತೆಯಾಗುತ್ತದೆ, ನಾಯಿ ಅಟ್ಟುತ್ತದೆ. ಮೇವು ಸಾಲದ ಹುಲ್ಲೆ ಹೊಲಕ್ಕೆ ನುಗ್ಗಿದರೆ ಮೊಳಕೆ ಪೈರು ಕಳೆದುಕೊಂಡ ರೈತನ ಹೊಟ್ಟೆ ಉರಿಯುವುದೂ ಸುಳ್ಳಲ್ಲ. ಇಬ್ಬರಿಗೂ ನಷ್ಟವಾಗದಂತೆ ಬಯಲು ಉಳಿಯಬೇಕು, ಬೆಳೆ ಹೋದವನಿಗೆ ಪರಿಹಾರ ಹೊತ್ತಿಗೆ ಸರಿಯಾಗಿ ಸಿಗಬೇಕು.

ಕಂಡ ಪ್ರಾಣಿಯೇ ಆಗಬೇಕು ಅನ್ನುತ್ತೆ ಆಟದ ನಿಯಮ. ಉಮ್ಮತ್ತೂರಿನ ಮಕ್ಕಳಿಗೆ ಇವತ್ತು ಆ ಭಾಗ್ಯವಿದೆ. ನಾಳೆ ಬಯಲು ಹೋದರೆ ಹುಲ್ಲೆ ಪುಸ್ತಕದ ಚಿತ್ರ, ಆಮೇಲೆ ಎಷ್ಟು ದಾಳ ಉರುಳಿಸಿದರೂ ಬಾರದು. ಮುಂದಿನ ಸಲ ಉಮ್ಮತ್ತೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಬಯಲ ಕಡೆ ಒಂದು ಕಣ್ಣಿಟ್ಟಿರಿ. ಕಂಡರೆ ಮಗುವಿಗೂ ತೋರಿಸಿ.