ಹಳೆಯ 100–400 ಲೆನ್ಸೋ, ಹೊಸತೋ?

ವನ್ಯಜೀವಿ ಛಾಯಾಗ್ರಾಹಕರ ಬಳಗದಲ್ಲಿ ‘ಹಂಡ್ರೆಡ್–ಫೋರ್ ಹಂಡ್ರೆಡ್’ ಎಂದೇ ಪರಿಚಿತವಾಗಿರುವ ಕ್ಯಾನನ್ ಕಂಪನಿಯ ಇಎಫ್ ಸರಣಿಯ ಝೂಮ್ ಲೆನ್ಸ್ ಎರಡು ಆವೃತ್ತಿಗಳಲ್ಲಿ ಹೊರಬಂದಿದ್ದು, ಮೊದಲನೆಯದು 1998ರಲ್ಲಿ, ಎರಡನೆಯದು 2014ರಲ್ಲಿ ಪ್ರಕಟವಾಯಿತು. ಕಂಪನಿಯು 2018ರಲ್ಲಿ ಒಳಗನ್ನಡಿಯಿಲ್ಲದ ಆರ್ ಸರಣಿಯ ಕ್ಯಾಮೆರಾವನ್ನು ತಂದು, 2020ರಲ್ಲಿ ಆ ಸರಣಿಗೆಂದೇ 100–500 ಮಿ.ಮೀ. ಲೆನ್ಸನ್ನು ರೂಪಿಸಿದ ಮೇಲೆ ಹಲವರು ತಮ್ಮ ಇಎಫ್ ಲೆನ್ಸುಗಳನ್ನು ಮಾರಿ ಹೊಸದಕ್ಕೆ ಹೋದರು. ಅಡಾಪ್ಟರ್ ಹಾಕಿದರೆ ಇಎಫ್ ಲೆನ್ಸುಗಳು ಆರ್ ಕ್ಯಾಮೆರಾಗಳಲ್ಲಿಯೂ ಕೆಲಸ ಮಾಡುವುದರಿಂದ, ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ 100–400ರ ಎರಡು ಆವೃತ್ತಿಗಳ ನಡುವಿನ ಆಯ್ಕೆ ಇಂದಿಗೂ ಜೀವಂತವಾಗಿದೆ.

ಮಸೂರವು ದೂರದ ವಸ್ತುವನ್ನು ಎಷ್ಟು ದೊಡ್ಡದಾಗಿ ತೋರಿಸುತ್ತದೆಂಬುದನ್ನು ನಿರ್ಧರಿಸುವ ಸಂಗಮದೂರವೂ, ಬೆಳಕು ಒಳಬರುವ ಕಿಂಡಿಯಾದ ಅಪರ್ಚರಿನ ಗರಿಷ್ಠ ಅಳತೆಯೂ (ಎಫ್/4.5ರಿಂದ ಎಫ್/5.6) ಎರಡು ಆವೃತ್ತಿಗಳಲ್ಲಿ ಒಂದೇ ಆಗಿವೆ. ಕಣ್ಣಿಗೆ ಮೊದಲು ಕಾಣುವ ವ್ಯತ್ಯಾಸ ಝೂಮ್ ಮಾಡುವ ಬಗೆಯಲ್ಲಿದೆ: ಹಳೆಯದರ ಕೊಳವೆಯನ್ನು ಸೈಕಲ್ ಪಂಪಿನಂತೆ ಹಿಂದೆ ಮುಂದೆ ಎಳೆಯಬೇಕು, ಹೊಸದರ ಉಂಗುರವನ್ನು ತಿರುಗಿಸಬೇಕು. ಎಳೆಯುವ ಲೆನ್ಸ್ ಧೂಳನ್ನು ಒಳಗೆ ಹೀರುತ್ತದೆಂಬ ದೂರು ಬಹಳ ಹಳೆಯದು. ಆದರೆ ಝೂಮ್ ಮಾಡುವಾಗ ಉದ್ದವಾಗುವ ಯಾವ ಲೆನ್ಸಿನೊಳಗಾದರೂ ಗಾಳಿ ಹೋಗಿ ಬರುತ್ತದೆ, ಹೊಸದೂ ಉದ್ದವಾಗುತ್ತದೆ. ಹಾಗಾಗಿ ಈ ಒಂದೇ ಕಾರಣಕ್ಕೆ ಹಳೆಯದನ್ನು ತಳ್ಳಿಹಾಕುವುದು ನ್ಯಾಯವಲ್ಲ.

ನಿಜವಾದ ಅಂತರವಿರುವುದು ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆಯಲ್ಲಿ. ಲೆನ್ಸಿನ ಒಳಗಿನ ಕೆಲವು ಮಸೂರಗಳು ಕೈ ಅಲುಗಿದ್ದಕ್ಕೆ ವಿರುದ್ಧವಾಗಿ ಚಲಿಸಿ ಬಿಂಬವನ್ನು ನಿಲ್ಲಿಸುವ ಈ ಏರ್ಪಾಡು ಹಳೆಯದರಲ್ಲಿ ಸುಮಾರು ಎರಡು ಸ್ಟಾಪಿನಷ್ಟು, ಹೊಸದರಲ್ಲಿ ಕಂಪನಿಯ ಲೆಕ್ಕದಂತೆ ನಾಲ್ಕು ಸ್ಟಾಪಿನಷ್ಟು ನೆರವಾಗುತ್ತದೆ. ಇಲ್ಲಿ ಒಂದು ಸ್ಟಾಪ್ ಎಂದರೆ ಶಟರ್ ತೆರೆದಿರುವ ಕಾಲ ಇಮ್ಮಡಿಯಾಗುವುದು. 400 ಮಿ.ಮೀ.ನಲ್ಲಿ ಬರಿಗೈಯಲ್ಲಿ ಚಿತ್ರ ತೆಗೆಯಲು 1/400 ಸೆಕೆಂಡ್ ಬೇಕೆಂಬ ರೂಢಿಯ ಲೆಕ್ಕವನ್ನು ಹಿಡಿದರೆ, ಹಳೆಯದರಲ್ಲಿ 1/100ರವರೆಗೆ, ಹೊಸದರಲ್ಲಿ 1/25ರವರೆಗೆ ಇಳಿಯಬಹುದು. ನಾಗರಹೊಳೆ ಅಥವಾ ಬಂಡೀಪುರದ ಸಫಾರಿಯಲ್ಲಿ ಇಳಿಹೊತ್ತಿನ ಮಬ್ಬುಬೆಳಕಿನಲ್ಲಿ, ಟ್ರೈಪಾಡ್ ಹೂಡಲಾಗದ ಜೀಪಿನೊಳಗಿಂದ ನಿಂತ ಕಾಟಿಯ ಚಿತ್ರ ತೆಗೆಯುವವರಿಗೆ ಇದು ಚಿತ್ರ ದಕ್ಕುವ ಮತ್ತು ದಕ್ಕದಿರುವ ನಡುವಿನ ಅಂತರ. ಆದರೆ ಈ ವ್ಯವಸ್ಥೆ ತಡೆಯುವುದು ಛಾಯಾಗ್ರಾಹಕನ ಕೈಯ ಅಲುಗಾಟವನ್ನೇ ಹೊರತು ಪ್ರಾಣಿಯ ಚಲನೆಯನ್ನಲ್ಲ. ರಂಗನತಿಟ್ಟಿನ ಹಗಲ ಬೆಳಕಿನಲ್ಲಿ ಹಾರುವ ಕೊಕ್ಕರೆಯನ್ನು 1/1600 ಸೆಕೆಂಡಿನಲ್ಲಿ ಹಿಡಿಯುವವರಿಗೆ ಎರಡು ಸ್ಟಾಪೂ ನಾಲ್ಕು ಸ್ಟಾಪೂ ಬಹುಮಟ್ಟಿಗೆ ಒಂದೇ.

ಹತ್ತಿರದ ವಸ್ತುಗಳ ವಿಷಯದಲ್ಲಿಯೂ ಹೊಸದು ಬಹಳ ಮುಂದಿದೆ. ಹಳೆಯದು 1.8 ಮೀಟರಿಗಿಂತ ಸಮೀಪದಲ್ಲಿ ಫೋಕಸ್ ಆಗುವುದಿಲ್ಲ, ಹೊಸದು 0.98 ಮೀಟರಿನವರೆಗೆ ಬರುತ್ತದೆ. ಇದರಿಂದ ವಸ್ತುವಿನ ನಿಜಗಾತ್ರದ ಸುಮಾರು ಮೂರನೆಯ ಒಂದು ಭಾಗದಷ್ಟು ಬಿಂಬ ಸೆನ್ಸರಿನ ಮೇಲೆ ಮೂಡುವುದರಿಂದ, ಪಕ್ಷಿಗಾಗಿ ಹೊತ್ತೊಯ್ದ ಲೆನ್ಸಿನಲ್ಲಿಯೇ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳನ್ನೂ ಚೆನ್ನಾಗಿ ತೆಗೆಯಬಹುದು. ಬಿಂಬದ ಸ್ಫುಟತೆಯ ಬಗ್ಗೆ ವಾದ ಹೆಚ್ಚು, ತಿರುಳು ಕಡಿಮೆ. ಹಳೆಯದು 400 ಮಿ.ಮೀ.ನಲ್ಲಿ ಅಪರ್ಚರನ್ನು ಪೂರ್ತಿ ತೆರೆದಾಗ ತುಸು ಮೆದುವಾಗಿ, ಎಫ್/8ಕ್ಕೆ ಇಳಿಸಿದಾಗ ಚೇತರಿಸಿಕೊಳ್ಳುತ್ತದೆ; ಬಿಸಿಲಿನಲ್ಲಿ ಇದೊಂದು ಕೊರತೆಯೇ ಅಲ್ಲ, ಕಾಡಿನ ನೆರಳಿನಲ್ಲಿ ಮಾತ್ರ ಅರ್ಧದಷ್ಟು ಬೆಳಕು ಕೈಬಿಡುವುದು ದುಬಾರಿ.

ಆದ್ದರಿಂದ ತೆರೆದ ಕೆರೆಯಂಗಳಗಳಲ್ಲಿ ಹಕ್ಕಿಗಳನ್ನಷ್ಟೇ ಹಿಂಬಾಲಿಸುವವರು ಚೆನ್ನಾಗಿ ಇರಿಸಿಕೊಂಡಿರುವ ಹಳೆಯದನ್ನು ಕೊಂಡು ಉಳಿದ ಹಣವನ್ನು ಪ್ರಯಾಣಕ್ಕೆ ಬಳಸುವುದು ಜಾಣತನ; ಕಾಡಿಗೆ ಹೋಗುವವರು ಮಾತ್ರ ಸ್ವಲ್ಪ ಕಾದಾದರೂ ಹೊಸದನ್ನೇ ಕೊಳ್ಳಬೇಕು.

ಯಾವ ಆವೃತ್ತಿಯಾದರೂ ಅದರ ಸ್ಥಿತಿಯನ್ನು ನೋಡದೆ ಬೆಲೆ ಕಟ್ಟಲಾಗದು. ಮಲೆನಾಡು ಮತ್ತು ಕರಾವಳಿಯ ತೇವದಲ್ಲಿ ಮಸೂರಗಳ ಮೇಲೆ ಬೂಷ್ಟು ಬೆಳೆದು ಅವುಗಳ ಲೇಪವನ್ನು ಕೊರೆಯುವುದುಂಟು. ಎರಡೂ ಕಡೆಯ ಮುಚ್ಚಳ ತೆಗೆದು ಓರೆಯಾಗಿ ಟಾರ್ಚ್ ಬಿಟ್ಟರೆ ಅದು ಜೇಡನ ಎಳೆಯ ಹಾಗೆ ಕಾಣುತ್ತದೆ. ಹಳೆಯ ಆವೃತ್ತಿಯ ಅನೇಕ ಪ್ರತಿಗಳಲ್ಲಿ ಕ್ಯಾಮೆರಾಕ್ಕೆ ಕೂಡುವ ತುದಿಯ ಬಳಿ ಎರಡು ಅಕ್ಷರಗಳಿಂದ ಆರಂಭವಾಗುವ ಸಂಕೇತವಿದ್ದು, ಮೊದಲ ಅಕ್ಷರ ‘ಯು’ ಆಗಿದ್ದರೆ ಉತ್ಸುನೊಮಿಯಾ ಕಾರ್ಖಾನೆಯನ್ನೂ, ಎರಡನೆಯದು ವರ್ಷವನ್ನೂ ಸೂಚಿಸುತ್ತದೆ: ‘ಎನ್’ ಎಂದರೆ 1999, ‘ವಿ’ ಎಂದರೆ 2007. ಬಿಡಿಭಾಗಗಳು ಸಿಗುವುದು ದಿನೇ ದಿನೇ ಕಷ್ಟವಾಗುತ್ತಿರುವಾಗ ಈ ಎಂಟು ವರ್ಷಗಳ ಅಂತರ ಸಣ್ಣದಲ್ಲ. ಕೊನೆಗೆ, ಗೋಡೆಗೆ ಅಂಟಿಸಿದ ವೃತ್ತಪತ್ರಿಕೆಯ ಹಾಳೆಯನ್ನು ಟ್ರೈಪಾಡಿನ ಮೇಲಿಂದ, ಕೈನಡುಕ ತಡೆಯುವ ವ್ಯವಸ್ಥೆಯನ್ನು ನಿಲ್ಲಿಸಿ, 400 ಮಿ.ಮೀ.ನಲ್ಲಿ ಪೂರ್ತಿ ತೆರೆದ ಅಪರ್ಚರಿನಿಂದ ತೆಗೆದು ನಾಲ್ಕು ಮೂಲೆಗಳನ್ನೂ ಹೋಲಿಸಬೇಕು. ಒಂದು ಪಕ್ಕದ ಅಕ್ಷರಗಳಷ್ಟೇ ಮಸುಕಾಗಿದ್ದರೆ, ಲೆನ್ಸ್ ಎಲ್ಲೋ ಬಿದ್ದು ಒಳಗಿನ ಮಸೂರಗಳು ಸ್ಥಾನ ತಪ್ಪಿರುವ ಸಾಧ್ಯತೆ ಹೆಚ್ಚು.