ಅಳಿವೆ, ದಕ್ಕೆ, ಬಂದರು: ಉತ್ತರ ಕನ್ನಡ ಕರಾವಳಿಯ ಹಳೆಯ ಮೀನುಗಾರಿಕಾ ನೆಲೆಗಳು

ಕರ್ನಾಟಕದ ಚರಿತ್ರೆಯಲ್ಲಿ ಬಂದರು ಎಂದೊಡನೆ ಕುದುರೆ, ಮೆಣಸು, ಪೋರ್ಚುಗೀಸರು ನೆನಪಾಗುತ್ತಾರೆ; ಮೀನು ನೆನಪಾಗುವುದಿಲ್ಲ. ಆನೆಗೊಂದಿ-ಹಂಪೆಗಳ ಅಧ್ಯಯನದಲ್ಲಿ ಭಟ್ಕಳದ ಹೆಸರು ಮತ್ತೆ ಮತ್ತೆ ಬರುವುದು ರಾಜಧಾನಿಗೆ ಕುದುರೆ ಸಾಗಿಬಂದ ಕಡಲಬಾಗಿಲೆಂಬ ಕಾರಣಕ್ಕೆ. ಆ ಬಾಗಿಲಲ್ಲಿ ಬಲೆ ಬೀಸಿ ಬದುಕಿದವರ ಲೋಕವನ್ನು, ಅವರು ನೆಲೆಗಳನ್ನು ಕರೆದ ಪದಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾರವಾರದಿಂದ ಭಟ್ಕಳದವರೆಗಿನ ಈ ಕರಾವಳಿ ನಾಡಿನ ಉಳಿದ ಕರಾವಳಿಗಿಂತ ಭಿನ್ನ. ಇಲ್ಲಿ ಸಹ್ಯಾದ್ರಿಯ ಕವಲುಗಳು ಕೆಲವೆಡೆ ಕಡಲಿಗೇ ಇಳಿಯುತ್ತವೆ. ಬಂಡೆಯ ಚಾಚುಗಳ ನಡುವೆ ಕಿರಿದಾದ ಮರಳದಂಡೆಗಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ ಹೊಳೆಗಳು ಈ ಒರಟು ನೆಲವನ್ನು ಸೀಳಿ ಸಮುದ್ರ ಸೇರುತ್ತವೆ. ಮುಂಗಾರಿನ ಅಲೆಗಳಿಂದ ದೋಣಿಗೆ ಆಶ್ರಯ ದೊರೆಯುತ್ತಿದ್ದುದು ಹೊಳೆಯ ಬಾಯಿಯೊಳಗೆ ಇಲ್ಲವೆ ಗುಡ್ಡದ ಮರೆಯಲ್ಲಿ. ಸದಾಶಿವಗಡ, ತದಡಿ, ಹೊನ್ನಾವರಗಳು ಮೊದಲ ಬಗೆಯವು. ಕಾರವಾರದ ಬೈತಖೋಲ ಎರಡನೆಯದು. ನೆಲೆಯನ್ನು ಆಯ್ದದ್ದು ಅರಸರಲ್ಲ, ಭೂಗುಣ.

ಈ ಸಂಗತಿಯನ್ನು ಭಾಷೆ ಸ್ಪಷ್ಟವಾಗಿ ಉಳಿಸಿಕೊಂಡಿದೆ. ‘ಅಳಿವೆ’ ಎಂದರೆ ಹೊಳೆ ಕಡಲು ಸೇರುವ ಎಡೆ. ಇದು ದ್ರಾವಿಡ ಪದ. ಮಲಯಾಳದ ‘ಅಳಿಮುಖಂ’ ಇದರ ಬಂಧು. ಭಟ್ಕಳ ತಾಲ್ಲೂಕಿನ ಶಿರಾಲಿಯ ಬಳಿಯ ಅಳ್ವೆಕೋಡಿ ಎಂಬ ಊರಿನ ಹೆಸರಿನಲ್ಲಿಯೇ ಅಳಿವೆಯಿದೆ. ‘ದಕ್ಕೆ’ ಎಂಬುದು ಮರಾಠಿಯ ‘ಧಕ್ಕಾ’ಕ್ಕೆ ಸಂಬಂಧಿಸಿದ್ದು, ದೋಣಿ ತಾಗಿಸಿ ಸರಕು ಇಳಿಸಲು ಕಟ್ಟಿದ ಕಟ್ಟೆಯನ್ನು ಅದು ಸೂಚಿಸುತ್ತದೆ. ‘ಬಂದರು’ ಪಾರಸಿಯಿಂದ ಬಂದದ್ದು; ಸುಂಕ, ಅಧಿಕಾರ, ದೂರದ ವ್ಯಾಪಾರಗಳು ಅದರ ಅರ್ಥದೊಳಗಿವೆ. ಒಂದೇ ನೆಲೆಗೆ ಹೀಗೆ ಮೂರು ಹೆಸರು: ಅಳಿವೆ ನಿಸರ್ಗದ್ದು, ದಕ್ಕೆ ದುಡಿಮೆಯದು, ಬಂದರು ಪ್ರಭುತ್ವದ್ದು.

ಲಿಖಿತ ಆಕರಗಳು ಬಹುಮಟ್ಟಿಗೆ ಮೂರನೆಯ ಪದದ ಪರವಾಗಿವೆ. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿನವರು ಕಡಲ ವ್ಯಾಪಾರದಿಂದ ಬದುಕುವವರೆಂದು ಬರೆದ. 16ನೆಯ ಶತಮಾನದ ಡೊಮಿಂಗೊ ಪಾಯಿಸ್ ಭಟ್ಕಳವನ್ನು ವಿಜಯನಗರ ರಾಜ್ಯದ ಬಂದರಾಗಿ ಕಂಡ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಕುದುರೆ ವ್ಯಾಪಾರ ಅತ್ತ ಸರಿಯಿತು. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಕುಮಟೆಯ ಮೂಲಕ ಸಾಗಿ, ಆ ಊರಿನ ಹೆಸರಿನಿಂದಲೇ ಮಾರುಕಟ್ಟೆಯಲ್ಲಿ ಪರಿಚಿತವಾಯಿತು. ನಮ್ಮ ಕಾಲದಲ್ಲಿ ಬಳ್ಳಾರಿ-ಹೊಸಪೇಟೆ ಭಾಗದ ಅದಿರು ಬೇಲೇಕೇರಿಗೆ ಹೋಯಿತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. ಹೀಗೆ ಬಂದರಿನ ಸರಕು ಬದಲಾಗುತ್ತಲೇ ಬಂದಿದೆ. ಬಂದರು ಏಳುತ್ತದೆ, ಬೀಳುತ್ತದೆ. ಅಳಿವೆಯ ಮೀನುಗಾರಿಕೆ ಮಾತ್ರ ಮುಂದುವರಿಯುತ್ತದೆ.

ಈ ಬದುಕಿನ ವ್ಯವಸ್ಥೆಗೆ ರಾಂಪಣಿ ಉತ್ತಮ ನಿದರ್ಶನ. ದೋಣಿಯಲ್ಲಿ ಬಲೆಯನ್ನು ಒಯ್ದು ಬಂಗಡೆ, ತಾರಲೆಗಳ ಹಿಂಡನ್ನು ಅರ್ಧವೃತ್ತವಾಗಿ ಸುತ್ತುವರಿದು, ಬಲೆಯ ಎರಡೂ ತುದಿಗಳನ್ನು ದಂಡೆಯಿಂದ ಹತ್ತಾರು ಜನ ಎಳೆಯುವ ಕ್ರಮವಿದು. ದೋಣಿ, ಬಲೆ, ದುಡಿಮೆಗಳಿಗೆ ತಕ್ಕಂತೆ ಪಾಲು ಸಲ್ಲುತ್ತಿತ್ತು. ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ, ಮೊಗೇರ ಮೊದಲಾದ ಸಮುದಾಯಗಳ ಈ ಕರಾವಳಿಯಲ್ಲಿ ಕನ್ನಡ, ಕೊಂಕಣಿಗಳು ಒಂದೇ ದಂಡೆಯಲ್ಲಿ ಬೆರೆತಿವೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದು, ಹಿಂಡನ್ನು ಕಡಲಲ್ಲಿಯೇ ಸುತ್ತುವರಿಯತೊಡಗಿದವು. ದಂಡೆಗೆ ಬರುವ ಮೀನು ಕಡಿಮೆಯಾಯಿತು, ರಾಂಪಣಿ ಹಿಂದೆ ಸರಿಯಿತು. ಒಂದು ಬಲೆಯೊಡನೆ ಅದರ ಭಾಗಗಳ ಹೆಸರು, ಪಾಲಿನ ಲೆಕ್ಕದ ಮಾತು, ಎಳೆತದ ಕೂಗುಗಳೂ ಬಳಕೆಯಿಂದ ಜಾರುತ್ತಿವೆ.

ಇದನ್ನು ಕೇವಲ ಪದನಷ್ಟವೆಂದು ಪರಿಗಣಿಸುವಂತಿಲ್ಲ. 1986ರಲ್ಲಿ ಶಂಕುಸ್ಥಾಪನೆಗೊಂಡ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಕಾರವಾರ-ಅಂಕೋಲಾಗಳ ನಡುವಿನ ಮೀನುಗಾರ ಕುಟುಂಬಗಳು ಸ್ಥಳಾಂತರಗೊಂಡವು. ಹೊನ್ನಾವರದ ಕಾಸರಕೋಡು ತೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಹೊಸ ವಾಣಿಜ್ಯ ಬಂದರುಗಳ ಯೋಜನೆಗಳಿಗೆ ಮೀನುಗಾರರು ವಿರೋಧ ತೋರಿದ್ದಾರೆ. ಮನೆಗೂ ಜಮೀನಿಗೂ ದಾಖಲೆಯಿರುತ್ತದೆ, ಬೆಲೆ ಕಟ್ಟಬಹುದು. ಬಲೆ ಎಳೆಯುವ, ಮೀನು ಒಣಗಿಸುವ, ಮಳೆಗಾಲದಲ್ಲಿ ದೋಣಿ ಮೇಲೇರಿಸುವ ಮರಳದಂಡೆಗೆ ಯಾವ ಪಹಣಿಯಿದೆ? ಅಲ್ಲಿನ ಹಕ್ಕು ರೂಢಿಯಲ್ಲಿದೆ, ರೂಢಿ ಮಾತಿನಲ್ಲಿದೆ. ಯಾವ ಬಂಡೆಯ ಮರೆಗೆ ಏನು ಹೆಸರು, ಯಾವ ದಂಡೆ ಯಾರ ಬಲೆಗೆ ಸಲ್ಲುತ್ತಿತ್ತು ಎಂಬ ತಿಳಿವಳಿಕೆ ಹಿರಿಯರ ನಾಲಗೆಯಲ್ಲಿ ಉಳಿದಿರುವ ಅಲಿಖಿತ ಕಡತ.

ಕನ್ನಡ ವಿಭಾಗಗಳು ಈ ಕರಾವಳಿಯ ಯಕ್ಷಗಾನಕ್ಕೆ, ಜನಪದ ಹಾಡಿಗೆ ನೀಡಿರುವ ಗಮನ ಕಡಿಮೆಯಲ್ಲ. ಅದೇ ಶ್ರದ್ಧೆ ಸ್ಥಳನಾಮಗಳಿಗೂ ವೃತ್ತಿಪದಗಳಿಗೂ ಸಲ್ಲಬೇಕಾಗಿದೆ. ಐದೂ ಅಳಿವೆಗಳಲ್ಲಿ ದಂಡೆ, ಬಂಡೆ, ಗಾಳಿ, ಬಲೆ, ಪಾಲುಗಳಿಗೆ ಸಂಬಂಧಿಸಿದ ಪದಗಳನ್ನು ಸ್ಥಳಸಮೇತ ದಾಖಲಿಸಿದರೆ ಅದು ನಿಘಂಟಿಗೆ ಸಾಮಗ್ರಿಯಾಗುತ್ತದೆ. ದಂಡೆ ಯಾರದೆಂಬ ಪ್ರಶ್ನೆ ಎದ್ದಾಗ ಸಾಕ್ಷ್ಯವೂ ಆಗಬಲ್ಲುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳು ಇಂತಹ ಕ್ಷೇತ್ರಕಾರ್ಯಕ್ಕೆ ಸೂಕ್ತ ಕಾಲ; ಆಗ ಹೆಚ್ಚಿನ ದೋಣಿಗಳು ದಡದಲ್ಲಿರುತ್ತವೆ, ಮಾತನಾಡಬಲ್ಲವರೂ ದಡದಲ್ಲಿರುತ್ತಾರೆ.